ಸಿಗ್ನಲ್‌ನಲ್ಲಿ ಆಫ್ ಆಗುವ ಅಂಬಾಸಿಡರ್

ತುಮಕೂರು ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ತಕರಾರಿಲ್ಲದೆ ಓಡಿ ಬಂದ ಹಳೆಯ ಅಂಬಾಸಿಡರ್ ಬೆಂಗಳೂರಿನ ಮೊದಲ ಸಿಗ್ನಲ್‌ನಲ್ಲಿ ಎರಡು ಸಲ ನಡುಗಿ ಆಫ್ ಆಗುತ್ತದೆ. ಸೆಲ್ಫ್ ಹೊಡೆದರೆ ಕೂಡಲೇ ಸ್ಟಾರ್ಟ್ ಆಗುತ್ತದೆ. ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ಮತ್ತೆ ಆಫ್. ಓಡುವಾಗ ಸರಿಯಿದ್ದು, ನಿಂತಾಗ ಮಾತ್ರ ಕೆಡುವ ಎಂಜಿನ್‌ಗೆ ಏನಾಗಿರಬಹುದು? ಭಾರ ಎಳೆಯುವುದು ಕಷ್ಟದ ಕೆಲಸ, ಸುಮ್ಮನೆ ನಿಂತು ತಿರುಗುವುದು ಸುಲಭದ್ದು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಪೆಟ್ರೋಲ್ ಎಂಜಿನ್ನಿನ ಮಟ್ಟಿಗೆ ಇದು ತಿರುವುಮುರುವು. ಅದಕ್ಕೆ ಐಡ್ಲಿಂಗ್‌ಗಿಂತ ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ.

ಇಂಥ ಗಾಡಿಗೆ ಸಾಮಾನ್ಯವಾಗಿ ಸಿಗುವ ಚಿಕಿತ್ಸೆ ಒಂದೇ. ಬಾನೆಟ್ ಎತ್ತಿ, ಕಾರ್ಬ್ಯುರೇಟರ್‌ನ ಸ್ಲೋ ಸ್ಕ್ರೂವನ್ನು ಅರ್ಧ ಸುತ್ತು ಒಳಕ್ಕೆ ತಿರುಗಿಸುವುದು. ಎಂಜಿನ್ 700 ಸುತ್ತಿನ ಬದಲು 1,100 ಸುತ್ತಿನಲ್ಲಿ ತಿರುಗತೊಡಗುತ್ತದೆ, ಆಫ್ ಆಗುವುದು ನಿಲ್ಲುತ್ತದೆ. "ಸ್ಲೋ ಸ್ವಲ್ಪ ಏರಿಸಿದೀನಿ ಸಾರ್, ಇನ್ನೇನೂ ತೊಂದ್ರೆ ಇಲ್ಲ." ಇದು ಜ್ವರ ಇಳಿಸದೆ ಥರ್ಮಾಮೀಟರನ್ನು ಎತ್ತಿಟ್ಟ ಹಾಗೆ. ಎರಡು ತಿಂಗಳಲ್ಲಿ ಅದೇ ದೋಷ ಬೆಳೆದು 1,100ರಲ್ಲೂ ನಡುಕ ಶುರುವಾಗುತ್ತದೆ, ಸ್ಕ್ರೂ ಇನ್ನರ್ಧ ಸುತ್ತು ಒಳಕ್ಕೆ ಹೋಗುತ್ತದೆ. ಆ ಸ್ಕ್ರೂ ಮುಟ್ಟುವ ಮೊದಲು ಎಂಜಿನ್ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಉದಾಹರಣೆಗೆ ಅಂಬಾಸಿಡರನ್ನೇ ಇಟ್ಟುಕೊಳ್ಳೋಣ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕೋಲ್ಕತ್ತಾ ಬಳಿಯ ಉತ್ತರಪಾರಾದಲ್ಲಿ 2014ರವರೆಗೂ ತಯಾರಿಸಿದ ಕಾರು ಅದು. ದಶಕಗಳ ಕಾಲ ಅದರ ಪೆಟ್ರೋಲ್ ಮಾದರಿಗಳ ಬಾನೆಟ್ ಕೆಳಗಿದ್ದದ್ದು ಬಿಎಂಸಿ ಕಂಪನಿಯ ಬಿ-ಸರಣಿಯ 1,489 ಸಿ.ಸಿ. ಎಂಜಿನ್. ನಾಲ್ಕು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್, ಎರಕದ ಕಬ್ಬಿಣದ್ದೇ ಹೆಡ್. ಅದಕ್ಕೆ ಗಾಳಿ-ಪೆಟ್ರೋಲ್ ಬೆರೆಸಿ ಕೊಡುತ್ತಿದ್ದದ್ದು ಎಸ್‌ಯು ಕಾರ್ಬ್ಯುರೇಟರ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಇಂದಿನ ಕಾರಿನಲ್ಲಿ ಐಡ್ಲಿಂಗ್ ತುಸು ತಗ್ಗಿದರೂ ಕಂಪ್ಯೂಟರ್ ಗಾಳಿಯನ್ನೂ ಕಿಡಿಯ ಸಮಯವನ್ನೂ ತಿದ್ದಿ ಮರೆಮಾಚಿಬಿಡುತ್ತದೆ. ಅಂಬಾಸಿಡರ್‌ನಲ್ಲಿ ತಿದ್ದುವವರು ಯಾರೂ ಇಲ್ಲವಾದ್ದರಿಂದ ದೋಷ ಕಣ್ಣೆದುರಿಗೇ ಬರುತ್ತದೆ. ಹಳೆಯ ಎಂಜಿನ್ ಬಗ್ಗೆ ನನಗಿರುವ ಪ್ರೀತಿಗೆ ಇದೂ ಒಂದು ಕಾರಣ.

ಐಡ್ಲಿಂಗ್‌ನಲ್ಲಿ ಎಂಜಿನ್ ಚಕ್ರಕ್ಕೆ ಏನನ್ನೂ ಕೊಡುತ್ತಿರುವುದಿಲ್ಲ. ಹುಟ್ಟುವ ಶಕ್ತಿಯೆಲ್ಲ ಅದರದೇ ಘರ್ಷಣೆಗೆ, ನೀರಿನ ಪಂಪು, ಫ್ಯಾನು, ಡೈನಮೋಗಳಿಗೆ ಸರಿಹೋಗುತ್ತದೆ. ಆದಾಯ ಮತ್ತು ಖರ್ಚು ಪೈಸೆಗೆ ಪೈಸೆ ಸಮ, ಉಳಿತಾಯ ಸೊನ್ನೆ. ಹೆದ್ದಾರಿಯಲ್ಲಿ ಒಂದು ಸಿಲಿಂಡರ್ ಆಗೊಮ್ಮೆ ಈಗೊಮ್ಮೆ ತಪ್ಪಿದರೆ ಉಳಿದ ಮೂರು ಸಿಲಿಂಡರ್‌ಗಳ ಬಲ ಮತ್ತು ಒಂದು ಟನ್ನಿಗೂ ಮೀರಿದ ಗಾಡಿಯ ಓಟದ ರಭಸ ಅದನ್ನು ನುಂಗಿಕೊಳ್ಳುತ್ತವೆ. ನಿಂತಾಗ ತಪ್ಪಿದರೆ ಆಸರೆಗೆ ಇರುವುದು ಫ್ಲೈವೀಲ್ ಒಂದೇ.

ಸ್ವಲ್ಪ ಲೆಕ್ಕ ಹಾಕೋಣ. ನಿಮಿಷಕ್ಕೆ 700 ಸುತ್ತು ತಿರುಗುವ ಎಂಜಿನ್ ಆ ಅವಧಿಯಲ್ಲಿ 1,400 ಸಲ ಕಿಡಿ ಹಾರಿಸಬೇಕು. ಅಷ್ಟರಲ್ಲಿ ಅದು ಹೊರಗಿನಿಂದ ಎಳೆದುಕೊಳ್ಳುವ ಗಾಳಿ ಸುಮಾರು 160-170 ಲೀಟರ್, ತೂಕದಲ್ಲಿ ಸೆಕೆಂಡಿಗೆ ಮೂರು ಗ್ರಾಂ ಆಸುಪಾಸು. ಜತೆಗೆ ಸುಡುವ ಪೆಟ್ರೋಲ್ ಗಂಟೆಗೆ ಒಂದು ಲೀಟರ್‌ಗಿಂತ ತುಸು ಹೆಚ್ಚು. ಅದರಲ್ಲಿ ಒಂದು ನಿಮಿಷದ ಪಾಲನ್ನು 1,400 ಕಿಡಿಗಳಿಗೆ ಹಂಚಿದರೆ ಒಂದೊಂದಕ್ಕೆ ಬರುವುದು ಹತ್ತು ಮಿಲಿಗ್ರಾಂ, ಅಂದರೆ ನಲ್ಲಿಯಿಂದ ತೊಟ್ಟಿಕ್ಕುವ ಒಂದು ಹನಿಯ ಕಾಲು ಭಾಗ. ಹಿತ್ತಾಳೆಯಲ್ಲಿ ಕೊರೆದ ಒಂದು ತೂತು ಮತ್ತು ಒಂದು ಸೂಜಿ, ಇಷ್ಟೇ ಸಾಮಗ್ರಿಯಿಂದ ಕಾಲು ಹನಿಯನ್ನು ಅಳೆದು ಅಳೆದು ಕೊಡುವ ಕೆಲಸ ನಡೆಯುತ್ತಿದೆ. ಅದು ನಡೆಯುತ್ತದೆ ಎಂಬುದೇ ದೊಡ್ಡ ಮಾತು.

ಇಷ್ಟು ಕಡಿಮೆ ಗಾಳಿ ಸಾಕಾಗುವುದರಿಂದ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಅದರಾಚೆ ನಾಲ್ಕು ಪಿಸ್ಟನ್‌ಗಳು ಎಡೆಬಿಡದೆ ಎಳೆಯುತ್ತಿರುವುದರಿಂದ ಇನ್‌ಲೆಟ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೊರಗಿನದರ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಈ "ಅರ್ಧಕ್ಕಿಂತ ಕೆಳಗೆ" ಎಂಬುದು ಮುಖ್ಯ. ಕಿರಿದಾದ ಕಂಡಿಯಲ್ಲಿ ಹರಿಯುವ ಗಾಳಿಗೆ ಒಂದು ವಿಚಿತ್ರ ಮಿತಿಯಿದೆ. ಆಚೆಯ ಒತ್ತಡ ಈಚೆಯದರ ಶೇ. 53ರಷ್ಟಕ್ಕೆ ಇಳಿಯುವವರೆಗೆ ಹರಿವು ಹೆಚ್ಚುತ್ತ ಹೋಗುತ್ತದೆ. ಅಲ್ಲಿಗೆ ಕಂಡಿಯಲ್ಲಿ ಗಾಳಿ ಶಬ್ದದ ವೇಗ ಮುಟ್ಟಿರುತ್ತದೆ. ಅದಕ್ಕಿಂತ ಕೆಳಗೆ ಎಷ್ಟೇ ಎಳೆದರೂ ಹರಿವು ಹೆಚ್ಚುವುದಿಲ್ಲ. 1839ರಲ್ಲಿ ಫ್ರಾನ್ಸಿನ ಸೇಂಟ್-ವೆನಾಂ ಮತ್ತು ವಾಂಟ್ಜೆಲ್ ಕಂಡಿಗಳಲ್ಲಿ ಗಾಳಿ ಹರಿಯುವುದನ್ನು ಅಭ್ಯಾಸ ಮಾಡಿ ಬರೆದಾಗ ಪೆಟ್ರೋಲ್ ಎಂಜಿನ್ ಎಂಬುದೇ ಇರಲಿಲ್ಲ. ಏರ್ ಕ್ಲೀನರ್ ತೆಗೆದು ಕಿವಿಯಿಟ್ಟರೆ ಕಾರ್ಬ್ಯುರೇಟರ್‌ನಿಂದ ಕೇಳುವ 'ಸ್ಸ್' ಸದ್ದು ಥ್ರಾಟಲ್ ಅಂಚಿನಲ್ಲಿ ಶಬ್ದದ ವೇಗದಲ್ಲಿ ನುಗ್ಗುತ್ತಿರುವ ಗಾಳಿಯದು.

ಎಂಜಿನ್ ತಾನಾಗಿಯೇ ಒಂದು ವೇಗಕ್ಕೆ ನೆಲೆನಿಲ್ಲುವುದು ಈ ಮಿತಿಯಿಂದಲೇ. ಹೆಡ್‌ಲೈಟ್ ಹಾಕಿದಿರಿ ಎನ್ನಿ. ಡೈನಮೋ ಭಾರವಾಗುತ್ತದೆ, ಎಂಜಿನ್ ವೇಗ ತುಸು ಇಳಿಯುತ್ತದೆ. ಆದರೆ ಥ್ರಾಟಲ್ ದಾಟಿ ಸೆಕೆಂಡಿಗೆ ಬರುವ ಗಾಳಿ ಅಷ್ಟೇ ಇರುತ್ತದೆ. ಅದೇ ಗಾಳಿ ಈಗ ಕಡಿಮೆ ಹೊಡೆತಗಳಿಗೆ ಹಂಚಿಕೆಯಾಗಬೇಕು. ಹಾಗಾಗಿ ಒಂದೊಂದು ಹೊಡೆತಕ್ಕೂ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್, ಹೆಚ್ಚು ಬಲ. ಎಂಜಿನ್ ಸಾವರಿಸಿಕೊಳ್ಳುತ್ತದೆ. ಯಾರೂ ತಿದ್ದುವವರಿಲ್ಲ ಎಂದೆನಲ್ಲ, ತಿದ್ದುವ ಕೆಲಸವನ್ನು ಗಾಳಿಯ ಸ್ವಭಾವವೇ ಮಾಡುತ್ತಿರುತ್ತದೆ. ಐಡ್ಲಿಂಗ್ ಕೆಟ್ಟಿದೆ ಎಂದರೆ ಈ ಸ್ವಯಂ-ತಿದ್ದುಪಡಿಯನ್ನು ಯಾವುದೋ ಒಂದು ದೋಷ ಸೋಲಿಸುತ್ತಿದೆ ಎಂದರ್ಥ. ಯಾವುದು ಎಂಬುದನ್ನು ಪತ್ತೆ ಮಾಡಬೇಕು.

ಮೊದಲ ಶಂಕಿತ, ಕಳ್ಳಗಾಳಿ. ಗ್ಯಾರೇಜಿನಲ್ಲಿ "ಏರ್ ಎಳೀತಿದೆ" ಎನ್ನುವುದು ಇದಕ್ಕೇ. ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನ ಪ್ಯಾಕಿಂಗ್ ಸೀಳಿರಬಹುದು, ಮ್ಯಾನಿಫೋಲ್ಡ್ ಮತ್ತು ಹೆಡ್ ನಡುವಿನ ಗ್ಯಾಸ್ಕೆಟ್ ಸುಟ್ಟಿರಬಹುದು, ಬ್ರೇಕಿಗೆ ಸರ್ವೋ ಜೋಡಿಸಿದ ಗಾಡಿಯಾದರೆ ಅದರ ರಬ್ಬರ್ ಪೈಪು ಒಡೆದಿರಬಹುದು. ಹೀಗೆ ಥ್ರಾಟಲ್ ದಾಟಿದ ಮೇಲೆ ಒಳಸೇರುವ ಗಾಳಿಗೆ ಪೆಟ್ರೋಲ್ ಬೆರೆತಿರುವುದಿಲ್ಲ. ಎಷ್ಟು ಸಣ್ಣ ತೂತು ಎಷ್ಟು ಹಾನಿ ಮಾಡುತ್ತದೆ? ಎರಡು ಮಿ.ಮೀ. ಅಗಲದ ತೂತಿನಲ್ಲಿ ಶಬ್ದದ ವೇಗದಲ್ಲಿ ನುಗ್ಗುವ ಗಾಳಿ ಸೆಕೆಂಡಿಗೆ ಅರ್ಧ ಗ್ರಾಂಗಿಂತ ತುಸು ಹೆಚ್ಚು. ಐಡ್ಲಿಂಗ್‌ಗೆ ಬೇಕಾದ ಒಟ್ಟು ಗಾಳಿಯೇ ಮೂರು ಗ್ರಾಂ. ಅಂದರೆ ಬೆಂಕಿಕಡ್ಡಿ ತೂರುವಷ್ಟು ತೂತು ಸುಮಾರು ಆರನೇ ಒಂದು ಭಾಗದಷ್ಟು ಹೆಚ್ಚುವರಿ ಗಾಳಿ ಸೇರಿಸಿ ಮಿಶ್ರಣವನ್ನು ತೆಳುವಾಗಿಸುತ್ತದೆ. ಅದೇ ಗಾಡಿ 3,000 ಸುತ್ತಿನಲ್ಲಿ ಥ್ರಾಟಲ್ ಪೂರ್ತಿ ತೆರೆದು ನೆಲಮಂಗಲದ ಏರು ಹತ್ತುವಾಗ ಎಂಜಿನ್ ನುಂಗುವ ಗಾಳಿ ಸೆಕೆಂಡಿಗೆ ಮೂವತ್ತು ಗ್ರಾಂ. ಮ್ಯಾನಿಫೋಲ್ಡ್‌ನ ಎಳೆತ ಆಗ ತಗ್ಗಿರುವುದರಿಂದ ತೂತಿನಲ್ಲಿ ಬರುವ ಕಳ್ಳಗಾಳಿ ಶೇ. 1ರ ಆಸುಪಾಸು. ಎಂಜಿನ್‌ಗೆ ಗೊತ್ತೂ ಆಗುವುದಿಲ್ಲ. ಹೆದ್ದಾರಿಯಲ್ಲಿ ಸರಿಯಿದ್ದದ್ದು ಸಿಗ್ನಲ್‌ನಲ್ಲಿ ಏಕೆ ಸಾಯುತ್ತದೆ ಎಂಬುದಕ್ಕೆ ಈ ಎರಡು ಅಂಕಿಗಳೇ ಉತ್ತರ.

ಕಳ್ಳಗಾಳಿ ಬರುವ ಇನ್ನೊಂದು ಜಾಗವನ್ನು ಬಹಳ ಜನ ನೋಡುವುದೇ ಇಲ್ಲ. ಥ್ರಾಟಲ್ ತಟ್ಟೆ ಕೂತಿರುವ ಹಿತ್ತಾಳೆಯ ಕಡ್ಡಿ, ಅಂದರೆ ಸ್ಪಿಂಡಲ್, ವರ್ಷಗಟ್ಟಲೆ ದೂಳಿನಲ್ಲಿ ತಿರುಗಿ ತಿರುಗಿ ಸವೆದಿರುತ್ತದೆ. ಕೈಯಲ್ಲಿ ಹಿಡಿದು ಅಲುಗಿಸಿದರೆ ಲಟಲಟ ಅನ್ನುತ್ತದೆ. ಅದರ ಸುತ್ತಲಿನ ಸಂದಿಯಿಂದ ಗಾಳಿ ಬರುತ್ತದೆ; ಅಷ್ಟೇ ಅಲ್ಲ, ಪ್ರತಿ ಸಲ ಆಕ್ಸಿಲರೇಟರ್ ಬಿಟ್ಟಾಗಲೂ ತಟ್ಟೆ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಒಮ್ಮೆ 600, ಇನ್ನೊಮ್ಮೆ 900, ಮತ್ತೊಮ್ಮೆ ಆಫ್. ಐಡ್ಲಿಂಗ್ ಕೆಟ್ಟದ್ದು ಮಾತ್ರವಲ್ಲದೆ ಒಂದು ಸಲದಂತೆ ಇನ್ನೊಂದು ಸಲ ಇಲ್ಲ ಎಂದಾದರೆ ಮೊದಲು ಅಲುಗಿಸಿ ನೋಡಬೇಕಾದದ್ದು ಈ ಸ್ಪಿಂಡಲ್ಲನ್ನು. ಹೊಸ ಬುಷ್ ಹಾಕಿಸದೆ ಬೇರೆ ದಾರಿಯಿಲ್ಲ.

ಕಳ್ಳಗಾಳಿಯ ಜಾಗ ಹುಡುಕಲು ಕೆಲವರು ಓಡುತ್ತಿರುವ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸುತ್ತಾರೆ. ಸಂದಿಯಿದ್ದ ಕಡೆ ಪೆಟ್ರೋಲ್ ಒಳಗೆಳೆದುಕೊಂಡು ಎಂಜಿನ್ ಸದ್ದು ಬದಲಾಗುತ್ತದೆ ಎಂಬುದು ನಿಜ. ಆದರೆ ಈ ಎಂಜಿನ್‌ನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದೇ ಬದಿಯಲ್ಲಿವೆ, ಕಾರ್ಬ್ಯುರೇಟರ್ ಕೆಳಗೇ ಕಾದ ಎಕ್ಸಾಸ್ಟ್ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಆಯಿಲ್ ಕ್ಯಾನ್‌ನಿಂದ ದಪ್ಪ ಎಂಜಿನ್ ಆಯಿಲ್ಲನ್ನು ಸಂದಿಗೆ ಸವರಿದರೂ ಅದು ಒಂದೆರಡು ಕ್ಷಣ ತೂತು ಮುಚ್ಚುತ್ತದೆ, ಎಂಜಿನ್ ಸದ್ದು ಬದಲಾಗುತ್ತದೆ. ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಹಿಸುಕಿ ನೋಡಿದರೂ ಸಾಕು.

ಇದಕ್ಕೆಲ್ಲ ಒಂದು ಉಪಕರಣ ಇದ್ದರೆ ಅರ್ಧ ಕೆಲಸ ಮುಗಿದಂತೆ. ವ್ಯಾಕ್ಯೂಮ್ ಗೇಜ್. 1849ರಲ್ಲಿ ಪ್ಯಾರಿಸಿನ ಯೂಜೀನ್ ಬೋರ್ಡಾನ್ ಪೇಟೆಂಟ್ ಪಡೆದ, ಬಾಗಿದ ಹಿತ್ತಾಳೆ ಕೊಳವೆಯ ತತ್ವದಲ್ಲೇ ಅದು ಇಂದಿಗೂ ಕೆಲಸ ಮಾಡುತ್ತದೆ. ಮ್ಯಾನಿಫೋಲ್ಡ್‌ಗೆ ಒಂದು ನಿಪ್ಪಲ್ ಹಾಕಿಸಿ ಇದನ್ನು ಜೋಡಿಸಿದರೆ, ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ಪಾದರಸದಷ್ಟು ನಿರ್ವಾತ ತೋರಿಸಬೇಕು ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಆ ಅಂಕಿ ಸಮುದ್ರಮಟ್ಟದ್ದು. ಬೆಂಗಳೂರು ಇರುವುದು ಸುಮಾರು 900 ಮೀಟರ್, ಅಂದರೆ 3,000 ಅಡಿ ಎತ್ತರದಲ್ಲಿ. ಇಲ್ಲಿ ವಾಯುಭಾರವೇ 30ರ ಬದಲು 27 ಇಂಚಿನ ಆಸುಪಾಸು. ಸಾವಿರ ಅಡಿಗೆ ಒಂದು ಇಂಚು ಕಳೆಯಬೇಕು. ಮಂಗಳೂರಿನಲ್ಲಿ 18 ತೋರಿಸುವ ಎಂಜಿನ್ ಬೆಂಗಳೂರಿನಲ್ಲಿ 15 ತೋರಿಸಿದರೆ ಅದು ಸರಿಯಾಗಿಯೇ ಇದೆ. ಈ ಲೆಕ್ಕ ಗೊತ್ತಿಲ್ಲದೆ ಒಳ್ಳೆಯ ಎಂಜಿನ್ ಬಿಚ್ಚಿಸಿಕೊಂಡವರಿದ್ದಾರೆ.

ಮುಳ್ಳು ಎಲ್ಲಿ ನಿಂತಿದೆ ಎಂಬುದಕ್ಕಿಂತ ಹೇಗೆ ಆಡುತ್ತಿದೆ ಎಂಬುದು ಹೆಚ್ಚು ಹೇಳುತ್ತದೆ. ಅಲುಗದೆ, ಆದರೆ ಇರಬೇಕಾದದ್ದಕ್ಕಿಂತ ತೀರ ಕೆಳಗಿದ್ದರೆ ಕಳ್ಳಗಾಳಿ, ಇಲ್ಲವೆ ಕಿಡಿ ತಡವಾಗಿ ಹಾರುತ್ತಿದೆ. ಒಂದೇ ಲಯದಲ್ಲಿ ಆಗಾಗ ಎರಡು ಮೂರು ಇಂಚು ಕುಸಿದು ಏಳುತ್ತಿದ್ದರೆ ಯಾವುದೋ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ನಿಧಾನವಾಗಿ ಮೇಲೆ ಕೆಳಗೆ ತೇಲಾಡುತ್ತಿದ್ದರೆ ಪೆಟ್ರೋಲ್-ಗಾಳಿಯ ಪ್ರಮಾಣ ತಪ್ಪಿದೆ.

ವಾಲ್ವ್ ವಿಷಯ ಬಂದದ್ದರಿಂದ ಒಂದು ದೀರ್ಘಕಾಲದ ಕಾಯಿಲೆಯ ಬಗ್ಗೆ ಹೇಳಲೇಬೇಕು. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲೀ ಎಂಜಿನ್ನಿನ ನಾಕಿಂಗ್ ತಡೆಯಲು ಪೆಟ್ರೋಲ್‌ಗೆ ಸೀಸದ ಸಂಯುಕ್ತ ಬೆರೆಸುವ ಉಪಾಯ ಕಂಡುಹಿಡಿದರು. ಮನುಷ್ಯರ ಆರೋಗ್ಯಕ್ಕೆ ಅದು ಮಾಡಿದ ಕೇಡು ದೊಡ್ಡದು. ಭಾರತ 2000ನೇ ಇಸವಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್‌ಗೆ ಬದಲಾದದ್ದು ಒಳ್ಳೆಯದೇ ಆಯಿತು. ಆದರೆ ಸೀಸ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಕೆಂಪಗೆ ಕಾಯುವ ಎಕ್ಸಾಸ್ಟ್ ವಾಲ್ವ್ ಮತ್ತು ಅದು ಕೂರುವ ಕಬ್ಬಿಣದ ಸೀಟಿನ ನಡುವೆ ಅದರ ಬೂದಿ ಒಂದು ತೆಳು ಪದರವಾಗಿ ನಿಲ್ಲುತ್ತಿತ್ತು. ಪದರ ಇಲ್ಲವಾದಾಗ ಎರಡು ಲೋಹಗಳು ಸೂಕ್ಷ್ಮವಾಗಿ ಬೆಸೆದುಕೊಂಡು, ಮರುಕ್ಷಣ ಕಿತ್ತುಕೊಂಡು, ಸೀಟು ಕಣಕಣವಾಗಿ ಸವೆಯುತ್ತದೆ. ವಾಲ್ವ್ ಹೆಡ್ ಒಳಕ್ಕೆ ಇಳಿಯುತ್ತ ಹೋಗುತ್ತದೆ, ಅದರ ಬಾಲ ಮೇಲೇರುತ್ತದೆ, 0.015 ಇಂಚಿನಷ್ಟು ಇರಬೇಕಾದ ಟ್ಯಾಪೆಟ್ ಸಂದಿ ಕಿರಿದಾಗುತ್ತದೆ. ಈ ಕಾಯಿಲೆ ಮೋಸಗಾರ. ಸಂದಿ ಕಿರಿದಾದಂತೆ ಟ್ಯಾಪೆಟ್‌ನ ಟಕಟಕ ಸದ್ದು ಕಡಿಮೆಯಾಗುತ್ತದೆ, ಎಂಜಿನ್ ಮೊದಲಿಗಿಂತ ಮೆತ್ತಗೆ ಓಡುತ್ತಿದೆ ಎಂದು ಮಾಲೀಕ ಸಂತೋಷಪಡುತ್ತಾನೆ. ಸಂದಿ ಸೊನ್ನೆಗೆ ಬಂದ ದಿನ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ.

ಮುಚ್ಚದ ವಾಲ್ವ್ ಐಡ್ಲಿಂಗ್‌ನಲ್ಲೇ ಹೆಚ್ಚು ಕಾಡುವುದಕ್ಕೆ ಕಾರಣ ಸಮಯ. 700 ಸುತ್ತಿನಲ್ಲಿ ಪಿಸ್ಟನ್ ಒಂದು ಸಲ ಮೇಲೇರಲು 43 ಮಿಲಿಸೆಕೆಂಡು ಬೇಕು. 3,500 ಸುತ್ತಿನಲ್ಲಿ ಅದರ ಐದನೇ ಒಂದು ಭಾಗ ಸಾಕು. ಅದುಮಿದ ಮಿಶ್ರಣ ಸೋರಿಹೋಗಲು ಐಡ್ಲಿಂಗ್‌ನಲ್ಲಿ ಐದು ಪಟ್ಟು ಕಾಲಾವಕಾಶ ಇರುತ್ತದೆ. ಪತ್ತೆಗೆ ಹಳೆಯ ಮೇಸ್ತ್ರಿಗಳ ಒಂದು ವಿಧಾನ ಇಂದಿಗೂ ಚೆನ್ನ: ಸೈಲೆನ್ಸರ್ ಕೊಳವೆಯ ಬಾಯಿಗೆ ಒಂದು ತೆಳು ಕಾಗದ ಹಿಡಿಯುವುದು. ಹೊಗೆ ಅದನ್ನು ಸದಾ ಹೊರಕ್ಕೇ ತಳ್ಳಬೇಕು. ಆಗಾಗ ಒಳಕ್ಕೆ ಸೆಳೆದರೆ ಎಕ್ಸಾಸ್ಟ್ ವಾಲ್ವ್ ಒಂದು ಸೋರುತ್ತಿರುವ ಸಾಧ್ಯತೆ ಹೆಚ್ಚು. ಅನಂತರ ಕಂಪ್ರೆಶನ್ ಗೇಜ್ ಹಾಕಿ ಯಾವ ಸಿಲಿಂಡರ್ ಎಂದು ಖಚಿತ ಮಾಡಿಕೊಳ್ಳಬಹುದು. ಒತ್ತಡ ಕಡಿಮೆ ಇದ್ದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಸುರಿದು ಮತ್ತೆ ಅಳೆಯಬೇಕು. ಏರಿದರೆ ಸೋರುತ್ತಿರುವುದು ಪಿಸ್ಟನ್ ರಿಂಗು, ಏರದಿದ್ದರೆ ವಾಲ್ವ್. ಗಟ್ಟಿ ಉಕ್ಕಿನ ಸೀಟು ಕೂರಿಸಿದರೆ ಈ ಕಾಯಿಲೆ ಮರುಕಳಿಸದು.

ಈಗ ಕಿಡಿ. ಇಲ್ಲೊಂದು ಸೋಜಿಗವಿದೆ. ಗಾಳಿಯ ಒತ್ತಡ ಕಡಿಮೆಯಿದ್ದಷ್ಟೂ ಒಂದು ಅಂತರವನ್ನು ಕಿಡಿ ದಾಟುವುದು ಸುಲಭ ಎಂದು ಜರ್ಮನಿಯ ಫ್ರೀಡ್ರಿಕ್ ಪಾಶೆನ್ 1889ರಲ್ಲಿ ತೋರಿಸಿದರು. ಐಡ್ಲಿಂಗ್‌ನಲ್ಲಿ ಸಿಲಿಂಡರ್ ಒಳಗಿನ ಮಿಶ್ರಣ ವಿರಳ, ಒತ್ತಡ ಕಡಿಮೆ. ಹಾಗಾಗಿ ಕಿಡಿ ಸುಲಭವಾಗಿ ಹಾರುತ್ತದೆ. ಹಾರುವುದು ಸುಲಭ, ಹೊತ್ತಿಸುವುದು ಕಷ್ಟ. ಮ್ಯಾನಿಫೋಲ್ಡ್‌ನ ನಿರ್ವಾತ ಎಕ್ಸಾಸ್ಟ್‌ನ ಸುಟ್ಟ ಹೊಗೆಯನ್ನೂ ಒಂದಿಷ್ಟು ಹಿಂದಕ್ಕೆ ಎಳೆದುಕೊಂಡಿರುತ್ತದೆ. ಹೊಸ ಮಿಶ್ರಣದಲ್ಲಿ ಅದು ಬೆರೆತು ಉರಿಯನ್ನು ನಿಧಾನಗೊಳಿಸುತ್ತದೆ. ಪೂರ್ತಿ ಉರಿಯಲು ಒಂದು ಗ್ರಾಂ ಪೆಟ್ರೋಲ್‌ಗೆ 14.7 ಗ್ರಾಂ ಗಾಳಿ ಸಾಕಾದರೂ ಹಳೆಯ ಎಂಜಿನ್ ಐಡ್ಲಿಂಗ್‌ನಲ್ಲಿ ಹದಿಮೂರರ ಆಸುಪಾಸು, ಅಂದರೆ ಪೆಟ್ರೋಲ್ ತುಸು ಹೆಚ್ಚಿರುವ ರಿಚ್ ಮಿಶ್ರಣ ಬೇಡುವುದು ಇದರಿಂದಲೇ. ದುರ್ಬಲ ಕಿಡಿ ಸರಿಯಾದ ಮಿಶ್ರಣವನ್ನೂ ಹೊತ್ತಿಸಲಾರದು. ಪ್ಲಗ್ ತುದಿಗಳ ನಡುವಿನ ಅಂತರ 0.025 ಇಂಚು ಇರಬೇಕಾದದ್ದು ಕಡಿಮೆಯಾಗಿದ್ದರೆ ಹೆದ್ದಾರಿಯಲ್ಲಿ ತಿಳಿಯುವುದಿಲ್ಲ, ಸಿಗ್ನಲ್‌ನಲ್ಲಿ ತಿಳಿಯುತ್ತದೆ.

ಪ್ಲಗ್‌ನಿಂದ ಹಿಂದೆ ಹೋದರೆ ಡಿಸ್ಟ್ರಿಬ್ಯೂಟರ್, ಗ್ಯಾರೇಜಿನವರ ಡೆಲ್ಕೋ. ಅದರೊಳಗಿನ ಸಿ.ಬಿ. ಪಾಯಿಂಟ್ ಪ್ರತಿ ಕಿಡಿಗೂ ಒಮ್ಮೆ ತೆರೆಯಬೇಕು. ತೆರೆಯುವ ಅಂತರ 0.014ರಿಂದ 0.016 ಇಂಚು. ಫೀಲರ್ ಗೇಜ್ ಇಟ್ಟು ಅದನ್ನು ಹೊಂದಿಸುವುದು ಎಲ್ಲರಿಗೂ ಗೊತ್ತು. ಆದರೆ ಡೆಲ್ಕೋದ ಶಾಫ್ಟೇ ಸವೆದು ಅತ್ತಿತ್ತ ವಾಲುತ್ತಿದ್ದರೆ ಆ ಅಂತರ ನಾಲ್ಕು ಸಿಲಿಂಡರ್‌ಗೂ ನಾಲ್ಕು ಬಗೆಯಾಗಿ, ಕಿಡಿಯ ಹೊತ್ತು ಹಲವು ಡಿಗ್ರಿ ಚದುರುತ್ತದೆ. ಪಾಯಿಂಟ್ ಎಷ್ಟು ಸಲ ಬದಲಾಯಿಸಿದರೂ ಫಲವಿಲ್ಲ. ಪಾಯಿಂಟ್‌ನ ಮುಖ ಬೇಗ ಕಪ್ಪಾಗಿ ಗುಳಿ ಬೀಳುತ್ತಿದ್ದರೆ ಕಂಡೆನ್ಸರ್ ಹೋಗಿದೆ.

ಡೆಲ್ಕೋದ ತಳದಲ್ಲಿ ಎರಡು ಸಣ್ಣ ತೂಕಗಳು, ಅವನ್ನು ಹಿಡಿದಿಡುವ ಎರಡು ಸ್ಪ್ರಿಂಗುಗಳು ಇವೆ. ವೇಗ ಹೆಚ್ಚಿದಂತೆ ತೂಕಗಳು ಹೊರಚಾಚಿ ಕಿಡಿಯನ್ನು ಮುಂಚಿತವಾಗಿ ಹಾರಿಸುತ್ತವೆ. ಇದು ಐಡ್ಲಿಂಗ್‌ಗಿಂತ ಮೇಲೆ ಶುರುವಾಗಬೇಕು. ಹಳೆಯ ಸ್ಪ್ರಿಂಗ್ ಸಡಿಲಾಗಿದ್ದರೆ 700 ಸುತ್ತಿನಲ್ಲೇ ಶುರುವಾಗಿಬಿಡುತ್ತದೆ. ಮೇಲೆ ಹೇಳಿದ ಗಾಳಿಯ ಸ್ವಯಂ-ತಿದ್ದುಪಡಿಯನ್ನು ನೆನಪಿಸಿಕೊಳ್ಳಿ. ವೇಗ ಇಳಿದಾಗ ಬಲ ಹೆಚ್ಚಬೇಕು. ಇಲ್ಲಿ ವೇಗ ಇಳಿದ ಕೂಡಲೇ ತೂಕಗಳು ಒಳಕ್ಕೆ ಸರಿದು ಕಿಡಿ ತಡವಾಗುತ್ತದೆ, ಬಲ ತಗ್ಗುತ್ತದೆ, ವೇಗ ಇನ್ನಷ್ಟು ಇಳಿಯುತ್ತದೆ. ತಿದ್ದುವ ಶಕ್ತಿಯ ಎದುರು ಬೀಳಿಸುವ ಶಕ್ತಿ ನಿಂತಂತಾಯಿತು. ಎಂಜಿನ್ ಏರುವುದು ಇಳಿಯುವುದು ಮಾಡುತ್ತ ಕೊನೆಗೆ ಆಫ್ ಆಗುತ್ತದೆ. ಎಲ್ಲರೂ ಕಾರ್ಬ್ಯುರೇಟರ್ ಬಿಚ್ಚುತ್ತಾರೆ. ದೋಷ ಇರುವುದು ಎರಡು ಪುಟ್ಟ ಸ್ಪ್ರಿಂಗುಗಳಲ್ಲಿ. ಟೈಮಿಂಗ್ ಲೈಟ್ ಹಿಡಿದರೆ ಪುಲ್ಲಿ ಮೇಲಿನ ಗುರುತು ಐಡ್ಲಿಂಗ್‌ನಲ್ಲೇ ಹಿಂದೆ ಮುಂದೆ ಓಡಾಡುವುದು ಕಾಣುತ್ತದೆ.

ವಾಲ್ವ್, ಕಿಡಿ, ಕಳ್ಳಗಾಳಿ ಮೂರೂ ಸರಿ ಎಂದು ಗೊತ್ತಾದ ಮೇಲೆ ಮಾತ್ರ ಕಾರ್ಬ್ಯುರೇಟರ್‌ಗೆ ಕೈಹಾಕಬೇಕು. ಏಕೆಂದರೆ ಕಾರ್ಬ್ಯುರೇಟರನ್ನು ಬೇರೆಯವುಗಳ ತಪ್ಪಿಗೆ ಹೊಂದಿಸಲು ಬರುತ್ತದೆ. ಹಾಗೆ ಹೊಂದಿಸಿದ್ದನ್ನು ಮತ್ತೆ ಸರಿದಾರಿಗೆ ತರುವುದು ಬಹಳ ಕಷ್ಟ.

ಎಸ್‌ಯು ಕಾರ್ಬ್ಯುರೇಟರ್‌ನ ಹುಟ್ಟು ಚಪ್ಪಲಿ ಅಂಗಡಿಯ ಮನೆತನದಲ್ಲಿ. ಲಂಡನ್ನಿನ ಪಾದರಕ್ಷೆ ವ್ಯಾಪಾರಿಗಳಾದ ಲಿಲಿ ಅಂಡ್ ಸ್ಕಿನ್ನರ್ ಕುಟುಂಬದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ 1905ರಲ್ಲಿ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದರು. 1910ರಲ್ಲಿ ಕಂಪನಿಯಾಯಿತು, ಸ್ಕಿನ್ನರ್ಸ್ ಯೂನಿಯನ್ ಎಂಬುದರ ಎರಡು ಮೊದಲಕ್ಷರಗಳೇ ಎಸ್‌ಯು. ಮೊದಲ ಮಾದರಿಗಳಲ್ಲಿ ಈಗಿನ ಲೋಹದ ಪಿಸ್ಟನ್ ಇರಲಿಲ್ಲ. ಚರ್ಮದ ತಿದಿ ಇತ್ತು, ಗಾಳಿಯ ಎಳೆತಕ್ಕೆ ಹಿಗ್ಗುವ ಕುಗ್ಗುವ ತಿದಿ. ಚರ್ಮದ ಗುಣ ಬಲ್ಲ ಮನೆತನಕ್ಕೆ ಅದು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಪಿಸ್ಟನ್ ಬಂದದ್ದು ಆಮೇಲೆ. ತತ್ವ ಮಾತ್ರ ಅದೇ: ಎಂಜಿನ್ ಹೆಚ್ಚು ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇರಿ ದಾರಿ ಅಗಲ ಮಾಡುತ್ತದೆ, ಅದರ ತಳಕ್ಕೆ ಸಿಕ್ಕಿಸಿದ ಮೊನಚಾದ ಸೂಜಿ ಜೆಟ್‌ನಿಂದ ಮೇಲೆದ್ದು ಹೆಚ್ಚು ಪೆಟ್ರೋಲ್ ಬಿಡುತ್ತದೆ. ಐಡ್ಲಿಂಗ್‌ಗೆ ಒಂದು ಜೆಟ್, ಓಟಕ್ಕೆ ಇನ್ನೊಂದು ಜೆಟ್ ಎಂಬುದಿಲ್ಲ. ಎಲ್ಲಕ್ಕೂ ಅದೇ ಸೂಜಿ, ಅದೇ ಜೆಟ್.

ಇದರಲ್ಲಿ ಮೊದಲು ನೋಡಬೇಕಾದದ್ದು ಪಿಸ್ಟನ್ ಸಿಕ್ಕಿಕೊಳ್ಳುತ್ತಿದೆಯೇ ಎಂದು. ಎಂಜಿನ್ ನಿಲ್ಲಿಸಿ, ಬೆರಳಿನಿಂದ ಎತ್ತಿ ಬಿಟ್ಟರೆ ಪಿಸ್ಟನ್ ಇಳಿದು 'ಟಕ್' ಎಂದು ಜೆಟ್ ಇರುವ ಸೇತುವೆಯ ಮೇಲೆ ಕೂರಬೇಕು. ಸದ್ದಿಲ್ಲದೆ ಅಂಟಿಕೊಂಡು ಇಳಿದರೆ ಸೂಜಿ ಜೆಟ್‌ನ ಗೋಡೆಗೆ ಉಜ್ಜುತ್ತಿದೆ. ಹಾಗೆ ಉಜ್ಜಿ ಉಜ್ಜಿ ಜೆಟ್‌ನ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಬದಲಾಯಿಸದೆ ಗತಿಯಿಲ್ಲ. ಸೂಜಿ ಪೂರ್ತಿ ಇಳಿದಿರುವ ಐಡ್ಲಿಂಗ್‌ನಲ್ಲೇ ಆ ಹೆಚ್ಚುವರಿ ಸಂದಿಯ ಪಾಲು ಅತಿ ದೊಡ್ಡದು.

ಮಿಶ್ರಣ ಸರಿಯಿದೆಯೇ ಎಂದು ತಿಳಿಯಲು ಎಸ್‌ಯು ತಯಾರಿಸಿದವರು ಒಂದು ಪುಟ್ಟ ಪಿನ್ ಇಟ್ಟಿದ್ದಾರೆ. ಬಿಸಿಯಾದ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಅದನ್ನು ಒತ್ತಿ ಪಿಸ್ಟನ್ನನ್ನು ಒಂದು ಮಿಲಿಮೀಟರ್‌ಗೂ ಕಡಿಮೆ ಎತ್ತಬೇಕು. ಎಂಜಿನ್ ವೇಗ ಏರಿ ಹಾಗೇ ನಿಂತರೆ ಮಿಶ್ರಣ ರಿಚ್. ಕೂಡಲೇ ಕುಸಿದರೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಕ್ಷಣಕಾಲ ತುಸುವೇ ಏರಿ ಮತ್ತೆ ಮೊದಲಿನ ವೇಗಕ್ಕೆ ಬಂದರೆ ಸರಿ. ಯಾವ ವಿದ್ಯುತ್ ಉಪಕರಣವೂ ಇಲ್ಲದೆ ಎಂಜಿನ್‌ನಿಂದಲೇ ಉತ್ತರ ಪಡೆಯುವ ಇಷ್ಟು ಸರಳ, ಇಷ್ಟು ನಿಖರ ಪರೀಕ್ಷೆ ನನಗೆ ಬೇರೆಲ್ಲೂ ಕಂಡಿಲ್ಲ.

ಪ್ರೀಮಿಯರ್ ಪದ್ಮಿನಿಯಂಥ ಗಾಡಿಗಳ ಸೋಲೆಕ್ಸ್ ಮಾದರಿಯ ಕಾರ್ಬ್ಯುರೇಟರ್‌ನ ಕಥೆ ಬೇರೆ. ಅದರಲ್ಲಿ ಐಡ್ಲಿಂಗ್‌ಗೆಂದೇ ಒಂದು ಸ್ಲೋ ಜೆಟ್ ಇದೆ, ಅದರ ತೂತು ಅರ್ಧ ಮಿ.ಮೀ. ಆಸುಪಾಸು. ಟ್ಯಾಂಕಿನ ತುಕ್ಕಿನ ಒಂದು ಕಣ ಸಾಕು ಅದನ್ನು ಕಟ್ಟಿಸಲು. ಆಗ ಓಟ ಪೂರ್ತಿ ಸರಿ, ಐಡ್ಲಿಂಗ್ ಪೂರ್ತಿ ಇಲ್ಲ. ತಾಮ್ರದ ತಂತಿ ತೂರಿಸಿ ಚುಚ್ಚುವುದು ರೂಢಿ. ಜೆಟ್ ಮೇಲೆ 45 ಎಂದು ಕೆತ್ತಿದ್ದರೆ ತೂತು 0.45 ಮಿ.ಮೀ. ಎಂದರ್ಥ. ಚುಚ್ಚಾಟದಲ್ಲಿ ಅದು 0.50 ಆದರೂ ವಿಸ್ತೀರ್ಣ ಶೇ. 23ರಷ್ಟು ಹೆಚ್ಚುತ್ತದೆ, ಪೆಟ್ರೋಲೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಗಾಳಿ ಊದಿ ಸ್ವಚ್ಛ ಮಾಡಬೇಕು, ಅಷ್ಟೇ.

ಸೆಕೆಯ ಕಾಟವನ್ನೂ ಮರೆಯುವಂತಿಲ್ಲ. ರಾಯಚೂರು, ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಟ್ರಾಫಿಕ್‌ನಲ್ಲಿ ನಿಂತ ಗಾಡಿಯ ಬಾನೆಟ್ ಕೆಳಗೆ ಪೆಟ್ರೋಲ್‌ನ ಹಗುರ ಅಂಶಗಳು ಕುದಿದು ಆವಿಯಾಗುತ್ತವೆ. ಆಫ್ ಆದ ಗಾಡಿ ಹತ್ತು ನಿಮಿಷ ತಣಿದ ಮೇಲೆ ತಾನಾಗಿ ಸರಿಹೋದರೆ ಇದೇ ಕಾರಣ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಚಾಲಕರು ಮಾಡುತ್ತಿರುವುದು ಸರಿಯೇ. ಕಾರ್ಬ್ಯುರೇಟರ್ ಕೆಳಗೆ ಇರಬೇಕಾದ ಶಾಖ ತಡೆಯುವ ದಪ್ಪ ಪ್ಯಾಕಿಂಗ್ ಇದೆಯೇ ಎಂದೂ ನೋಡಬೇಕು. ಬಹಳ ಗಾಡಿಗಳಲ್ಲಿ ಅದು ಕಳೆದುಹೋಗಿರುತ್ತದೆ.

ಹಳೆಯ ಕಾರುಗಳ ಮಾಲೀಕರಿಗೆ ಈಗ ಎದುರಾಗಿರುವ ಹೊಸ ಪ್ರಶ್ನೆ ಎಥನಾಲ್. ಬಂಕ್‌ಗಳಲ್ಲಿ ಸಿಗುತ್ತಿರುವ ಇ20 ಪೆಟ್ರೋಲ್‌ನಲ್ಲಿ ಐದನೇ ಒಂದು ಭಾಗ ಎಥನಾಲ್. ಅದರ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಒಂದು ಗ್ರಾಂ ಎಥನಾಲ್ ಉರಿಯಲು 9 ಗ್ರಾಂ ಗಾಳಿ ಸಾಕು. ಹೀಗಾಗಿ ಇ20ಗೆ ಬೇಕಾದ ಪ್ರಮಾಣ 14.7ರಿಂದ 13.5ಕ್ಕೆ ಇಳಿಯುತ್ತದೆ. ಕಾರ್ಬ್ಯುರೇಟರ್‌ಗೆ ಇದು ಗೊತ್ತಿಲ್ಲ, ಅದು ಹಳೆಯ ಅಳತೆಯಲ್ಲೇ ಕೊಡುತ್ತದೆ. ಫಲವಾಗಿ ಮಿಶ್ರಣ ಶೇ. 7-8ರಷ್ಟು ಲೀನ್. ಇತ್ತ ಎತ್ತರದ ಪರಿಣಾಮ ಇದಕ್ಕೆ ವಿರುದ್ಧ ದಿಕ್ಕಿನದು. ಗಾಳಿಯ ಸಾಂದ್ರತೆ ಶೇ. 10ರಷ್ಟು ಕಡಿಮೆಯಿರುವ ಬೆಂಗಳೂರಿನಲ್ಲಿ ಕಾರ್ಬ್ಯುರೇಟರ್ ಶೇ. 5ರಷ್ಟು ರಿಚ್ ಮಿಶ್ರಣ ಕೊಡುತ್ತದೆ. ಸಮುದ್ರಮಟ್ಟಕ್ಕೆ, ಶುದ್ಧ ಪೆಟ್ರೋಲ್‌ಗೆ ಹೊಂದಿಸಿದ ಅಂಬಾಸಿಡರ್‌ಗೆ ಬೆಂಗಳೂರಿನಲ್ಲಿ ಇ20 ತುಂಬಿಸಿದರೆ ಎರಡೂ ಒಂದನ್ನೊಂದು ಬಹುಮಟ್ಟಿಗೆ ತಿನ್ನುತ್ತವೆ, ಉಳಿಯುವ ವ್ಯತ್ಯಾಸ ಶೇ. 2-3. ಆದರೆ ಬೆಂಗಳೂರಿನಲ್ಲೇ ಶುದ್ಧ ಪೆಟ್ರೋಲ್ ಕಾಲದಲ್ಲಿ ಹೊಂದಿಸಿಟ್ಟಿದ್ದ ಗಾಡಿಗೆ ಇ20 ಹಾಕಿ ಶಿರಾಡಿ ಘಾಟಿ ಇಳಿಸಿದರೆ ಎರಡೂ ಒಂದೇ ದಿಕ್ಕಿನಲ್ಲಿ ಸೇರಿ ಶೇ. 12-13ರಷ್ಟು ಲೀನ್ ಆಗುತ್ತದೆ. ಮಂಗಳೂರಿನ ಸಿಗ್ನಲ್‌ನಲ್ಲಿ ಅದು ನಿಲ್ಲಲಾರದು. ಅಂಥ ಗಾಡಿಗೆ ಎಸ್‌ಯು ಜೆಟ್‌ನ ಆರು ಮುಖದ ನಟ್ಟನ್ನು ಒಂದೊಂದೇ ಮುಖದಷ್ಟು ಕೆಳಕ್ಕೆ ತಿರುಗಿಸುತ್ತ, ಪ್ರತಿ ಸಲವೂ ಪಿನ್ ಎತ್ತಿ ನೋಡಬೇಕು. ಘಾಟಿ ಹತ್ತಿ ವಾಪಸ್ ಬಂದ ಮೇಲೆ ಮತ್ತೆ ಮೇಲಕ್ಕೆ ತಿರುಗಿಸಬೇಕು. ಜತೆಗೆ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ, ಫ್ಲೋಟ್ ಸೂಜಿಯ ರಬ್ಬರ್ ತುದಿ ಇವನ್ನು ಎಥನಾಲ್ ತಡೆಯುವ ರಬ್ಬರ್‌ನವಾಗಿ ಬದಲಾಯಿಸಿಕೊಳ್ಳುವುದು ಈಗ ಅನಿವಾರ್ಯ. ಹಳೆಯ ರಬ್ಬರ್ ಎಥನಾಲ್‌ನಲ್ಲಿ ಉಬ್ಬಿ, ಮೆತ್ತಗಾಗಿ, ಅದರ ಚೂರುಗಳೇ ಜೆಟ್‌ಗೆ ಬಂದು ಸಿಕ್ಕಿಕೊಳ್ಳುತ್ತವೆ.